ಕೆಂಪಯ್ಯ ಮಾಮ ಬೇಡವೆಂದ ಡಬ್ಬ

ಕೆಂಪಯ್ಯ ಮಾಮ ಹಾಡು ಕೇಳಬೇಕಾದರೆ ಅಡುಗೆಮನೆಗೆ ಹೋಗುತ್ತಿದ್ದರು. ಸ್ಪೀಕರ್ ಇರುವುದು ನಮ್ಮ ಹಜಾರದಲ್ಲಿ. ರಿಪೇರಿ ಮುಗಿಸಿ ಹಾಡು ಹಾಕಿ, ನಾವೆಲ್ಲ ಎದುರು ಕೂತಿರುವಾಗ ಅವರು ಒಳಗೆ ಹೋಗಿ ಒಲೆಯ ಪಕ್ಕದ ಗೋಡೆಗೊರಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಎದುರ್ಗಡೆ ಕೂತೋರ್‌ಗೆ ಎಲ್ಲಾ ಸೆಟ್ಟೂ ಚೆನ್ನಾಗೇ ಕೇಳುಸ್ತದೆ. ಒಗ್ಗರಣೆ ಹಾಕೋಳ್ಗೂ ಮಾತು ತಿಳೀಬೇಕು, ಅದು ಸೆಟ್ಟು," ಎನ್ನುತ್ತಿದ್ದರು.

ಚನ್ನಪಟ್ಟಣದ ಸಾತನೂರು ರಸ್ತೆಯಲ್ಲಿ ಅವರ ಅಂಗಡಿ. ಮೊದಲು ಮದುವೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದವರು, ವಯಸ್ಸಾದ ಮೇಲೆ ರಿಪೇರಿಗೆ ಕೂತರು. ಕೆಟ್ಟ ಸೆಟ್ ಬಿಚ್ಚುವ ಮುಂಚೆ ಅದನ್ನು ತಂದವರನ್ನೇ ವಿಚಾರಿಸುತ್ತಿದ್ದರು: ಮನೆಯಲ್ಲಿ ಎಷ್ಟು ಜನ, ಯಾರು ಹಾಡು ಹಾಕುವುದು, ಯಾರು ನಿಲ್ಲಿಸು ಎಂದು ಬೈಯುವುದು. ದೊಡ್ಡಮಳೂರಿನವರೊಬ್ಬರು ಸೆಟ್ ತಾನಾಗಿಯೇ ಆಫ್ ಆಗುತ್ತದೆಂದು ಮೂರು ಸಲ ತಂದರಂತೆ. ಮೂರನೇ ಸಲ ಮಾಮ ಮುಚ್ಚಳವನ್ನೇ ತೆಗೆಯಲಿಲ್ಲ. "ಮಧ್ಯಾಹ್ನ ನಿಮ್ಮನೇಲಿ ಯಾರು ಮಲಗ್ತಾರೆ?" ಎಂದರು. ಅತ್ತೆ ಎಂದು ಉತ್ತರ ಬಂತು. "ತಗೊಂಡೋಗಪ್ಪ, ಸೆಟ್ಗೇನೂ ಆಗಿಲ್ಲ."

ನನ್ನ ಅಪ್ಪ ಅವರ ಬಾಲ್ಯದ ಗೆಳೆಯ. ರಾಮನಗರದ ರೇಷ್ಮೆ ಹುರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ಓಡಾಡಿ ನಿವೃತ್ತರಾದವರು. ಸಂಜೆಯ ಹಾಡು, ನಾಟಕದ ಸಿ.ಡಿ.ಗಳೇ ಅವರಿಗಿದ್ದ ಸುಖ. ಕಳೆದ ವರ್ಷದಿಂದ ಅವರದು ಒಂದೇ ದೂರು: "ಸೆಟ್ಟು ಮಂಕಾಗೈತೆ. ಸದ್ದು ಬತ್ತದೆ, ಮಾತೇ ತಿಳಿಯಲ್ಲ."

ನಾನು ಭೌತಶಾಸ್ತ್ರ ಓದಿದವಳು. ಓದಿ, ಹುಡುಕಿ, ಪ್ರತ್ಯೇಕ ಪ್ರೀಆಂಪ್ ಬೇಕೆಂದು ತೀರ್ಮಾನಿಸಿದೆ. ಸಿ.ಡಿ. ಪ್ಲೇಯರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಕೂತು ಸದ್ದನ್ನು ಒಂದು ಹದಕ್ಕೆ ಎತ್ತಿಕೊಡುವ ಡಬ್ಬ ಅದು. ಸಹೋದ್ಯೋಗಿಯೊಬ್ಬರದನ್ನು ಎರವಲು ತಂದು ಜೋಡಿಸಿದೆ. ಅಪ್ಪನ ಮುಖ ಅರಳಿತು. ಡಬ್ಬ ಹಾಕಿ, ತೆಗೆದು, ಹನ್ನೆರಡು ಸಲ ಕೇಳಿಸಿದೆ. ಹನ್ನೊಂದು ಸಲ ಅಪ್ಪ ಡಬ್ಬ ಇದ್ದದ್ದೇ ಚೆನ್ನ ಎಂದರು. ಎಲ್ಲವನ್ನೂ ಕೋಷ್ಟಕ ಮಾಡಿಟ್ಟು, ಹೊಸದನ್ನು ಕೊಳ್ಳುವ ಮುಂಚೆ ಒಂದು ಮಾತು ಕೇಳೋಣವೆಂದು ಮಾಮನನ್ನು ಕರೆಸಿದೆ.

ಅವರು ಕೋಷ್ಟಕವನ್ನು ಕನ್ನಡಕದ ಮೇಲಿಂದ ನೋಡಿದರು.

"ಎರಡ್ರಲ್ಲೂ ಸೌಂಡು ಒಂದೇ ಸಮ ಇಟ್ಟಿದ್ಯಾ?"

ಇಟ್ಟಿರಲಿಲ್ಲ. ವಾಲ್ಯೂಮ್ ಮುಟ್ಟಬಾರದೆಂಬ ಶಿಸ್ತಿನಲ್ಲಿ, ಡಬ್ಬವೇ ಸದ್ದನ್ನು ಜೋರು ಮಾಡಿದ್ದನ್ನು ನಾನು ಗಮನಿಸಿರಲಿಲ್ಲ.

"ಜೋರಾಗಿರೋದು ಯಾರ್ಗಾದ್ರೂ ಚೆನ್ನಾಗೇ ಅನ್ಸೋದು ಕಣವ್ವ."

ಎರಡನ್ನೂ ಒಂದೇ ಸಮಕ್ಕೆ ತಂದು, ನನ್ನನ್ನೂ ಅಪ್ಪನನ್ನೂ ಗೋಡೆ ನೋಡುವಂತೆ ಕೂರಿಸಿದರು. "ಶಿಕ್ಷೆ ಕೊಡ್ತಾವ್ನೆ ನೋಡು ಮೇಷ್ಟ್ರು," ಎಂದು ಅಪ್ಪ ನಕ್ಕರು. ಡಬ್ಬ ಯಾವಾಗ ಇತ್ತು, ಯಾವಾಗ ಇರಲಿಲ್ಲ, ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. ಅಪ್ಪ ಮಾತ್ರ ಪ್ರತಿ ಸಲವೂ "ಮಂಕು" ಎಂದರು.

ಮಾಮ ಹಾಡು ನಿಲ್ಲಿಸಿದರು. ಅಪ್ಪನ ಬೆನ್ನ ಹಿಂದೆ, ಮೂರು ಮಾರು ದೂರದಲ್ಲಿ ನಿಂತು, ಮಾಮೂಲಿ ದನಿಯಲ್ಲಿ ಕೇಳಿದರು: "ಲೇ ಪುಟ್ಟಸ್ವಾಮಿ, ಒಸಿ ಕಾಪಿ ಕುಡೀತೀಯೇನ್ಲಾ?"

ಅಪ್ಪ ಗೋಡೆ ನೋಡುತ್ತಲೇ ಇದ್ದರು.

"ಪುಟ್ಟಸ್ವಾಮಿ, ನಿಮ್ಮನೆಗೆ ಬೆಂಕಿ ಬಿದ್ದೈತೆ."

ಅಪ್ಪ ಮಂಡಿ ಉಜ್ಜಿಕೊಂಡರು, ಅಷ್ಟೇ. ಒಂದೇ ಸೂರಿನಡಿ ಇದ್ದು, ಹನ್ನೆರಡು ಸಲ ಅಳೆದು, ನಾನು ನೋಡಿದ್ದೇನು? ಅಷ್ಟರಲ್ಲಿ ಅಪ್ಪ ತಿರುಗಿ, "ಯಾಕ್ಲಾ ನಿಲ್ಲುಸ್ಬುಟ್ಟೆ?" ಎಂದರು.

"ಸೆಟ್ಟಲ್ಲೇ ಏನೋ ದೋಸ ಐತೆ ಕಣ್ಲಾ," ಎಂದು ಮಾಮ ಕೂಗಿ ಹೇಳಿದರು. ಆ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದ್ದಕ್ಕೂ ನಾನು ಬೆಚ್ಚಿದೆ.

ಗೇಟಿನ ಬಳಿ ನಿಜ ಹೇಳಿದರು. "ಡಬ್ಬ ಬ್ಯಾಡ. ಪ್ಲೇಯರ್‌ನಿಂದ ಬರೋದೇ ನಿಮ್ ಆಂಪ್ಲಿಫೈಯರ್‌ಗೆ ಸಾಕು. ಗ್ರಾಮಫೋನ್ ತಟ್ಟೆ ಹಾಕೋರಾಗಿದ್ರೆ ಬೇಕಿತ್ತು, ಅದ್ರದ್ದು ಬಲೇ ಸಣ್ಣ ಸದ್ದು. ಇಲ್ಲಿ ಡಬ್ಬ ಬೇಕಾಗಿರೋದು ಸೆಟ್ಗಲ್ಲ ಕಣವ್ವ, ನಿಮ್ಮಪ್ಪನ ಕಿವೀಗೆ. ಡಾಕ್ಟ್ರಿಗೆ ತೋರ್ಸು. ನೀನೇ ಹೇಳು. ನಾನೇಳುದ್ರೆ ಜಗಳಕ್ಕೇ ಬತ್ತಾನೆ."

ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರ ದೇಹದ ಬಗ್ಗೆ ಇನ್ನೊಬ್ಬರು ಮಾತಾಡುವ ರೂಢಿ ಇಲ್ಲ. ನನಗಂತೂ ಯಾವ ಮಾತನ್ನು ಶುರು ಮಾಡುವುದೂ ಕಷ್ಟ. ಬಸ್ಸಿಳಿದು ಅಂಗಡಿ ಮುಂದೆ ಹಾದಾಗಲೆಲ್ಲ ಮಾಮ ತಲೆಯೆತ್ತಿ, "ಹೇಳುದ್ಯಾ?" ಎನ್ನುತ್ತಿದ್ದರು. ಇಲ್ಲವೆಂದು ತಲೆಯಾಡಿಸುತ್ತಿದ್ದೆ. "ಮೀಟ್ರು ಹಿಡ್ದು ಅಳಿಯಾಕ್ ಬತ್ತದೆ, ಬಾಯ್ ಬುಟ್ಟು ಒಂದ್ ಮಾತಾಡಾಕ್ ಬರಕಿಲ್ವಾ?" ಎಂದು ಒಮ್ಮೆ ಗದರಿದರು. ಹೀಗೆ ನಾಲ್ಕು ತಿಂಗಳು ಕಳೆಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಫೋನ್ ಬಂತು. ಅಪ್ಪನೇ ತೆಗೆದರು. "ಹೌದಾ? ಸರಿ ಕಣವ್ವ. ಬಂದ್ಮೇಲೆ ಒಸಿ ಮನೆ ಕಡೆ ಬರಾಕೇಳು," ಎಂದು ಇಟ್ಟರು. ಯಾರೆಂದು ಕೇಳಿದೆ. "ಕೆಂಪಯ್ಯನ ಮಗಳು. ಅವ್ರಪ್ಪ ಎಲ್ಲೋ ಹೋಗವ್ನಂತೆ." ಅದನ್ನು ಹೇಳಲು ಅವಳು ಯಾಕೆ ಫೋನ್ ಮಾಡಿದಳೆಂದು ಒಂದು ಕ್ಷಣ ಅನ್ನಿಸಿತು. ಮತ್ತೆ ಬಟ್ಟೆ ಹಿಂಡಿದೆ.

ಸೋಮವಾರ ಸಂಜೆ ಬಸ್ಸಿಳಿದರೆ ಅಂಗಡಿ ಮುಚ್ಚಿತ್ತು. ಪಕ್ಕದಲ್ಲಿ ಟೀ ಮಾಡುವ ಜಯಮ್ಮ ನನ್ನನ್ನು ನೋಡಿ ಸಿಡುಕಿದಳು. "ನಿಮ್ಮಪ್ಪಂಗೇನ್ ಬಂದಿತ್ತು? ನೆನ್ನೆ ಮಣ್ಣಿಗೂ ಬರ್ಲಿಲ್ಲ. ಅವ್ರ ಮಗಳು ಅಳ್ತಾ 'ಅಪ್ಪ ಹೋಗ್ಬುಟ್ರು' ಅಂದ್ರೆ, 'ಬಂದ್ಮೇಲೆ ಮನೆ ಕಡೆ ಬರಾಕೇಳು' ಅಂದ್ರಂತಲ್ಲ!"

ಮನೆಗೆ ಹೇಗೆ ನಡೆದು ಬಂದೆನೋ ತಿಳಿಯದು. ಅಪ್ಪ ಜಗಲಿಯ ಮೇಲಿದ್ದರು. "ಕೆಂಪಯ್ಯ ಬಂದವ್ನಾ?" ಎಂದರು. ಹೇಳಿದೆ. "ಆಂ?" ಎಂದರು. ಮತ್ತೆ ಹೇಳಿದೆ. "ಏನಂದೆ?" ಮೂರನೇ ಸಲ ಕಿರುಚಿದೆ: "ಸತ್ತೋದ್ರಪ್ಪ! ಕೆಂಪಯ್ಯ ಮಾಮ ಸತ್ತೋದ್ರು!" ಎದುರುಮನೆಯವರು ಬಾಗಿಲಿಗೆ ಬಂದರು.

ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ಹಂಗಾರೆ ಆ ಹುಡ್ಗಿ ಫೋನ್ನಲ್ಲಿ ಅಳ್ತಿದ್ಲಾ?"

ಹೌದೆಂದು ತಲೆಯಾಡಿಸಿದೆ.

"ನಗ್ತಾವ್ಳೆ ಅಂದ್ಕಂಡೆ ಕಣವ್ವ," ಎಂದರು ಅಪ್ಪ. "ನಾನೂ ನಕ್ಬುಟ್ಟೆ."