ರಕ್ತ ಆಗುವ ಮಾತ್ರೆ

ನಿಮ್ಮ ಅಮ್ಮನಿಗೆ ನಾನು ಸುಳ್ಳು ಹೇಳಿ ಮಾತ್ರೆ ನುಂಗಿಸಿದ್ದೆ. ಒಂದೆರಡು ಸಲವಲ್ಲ — ಅವಳ ಹದಿನೈದನೆಯ ವಯಸ್ಸಿನಿಂದ ಮದುವೆಯವರೆಗೂ. ಡಾಕ್ಟರು ಅದನ್ನೇ ಕೇಳಿದ ದಿನ ನಾನು ಬಾಯಿ ಬಿಡಲಿಲ್ಲ.

ಅನಘಾ, ಈಶಾನ್, ನಿಮಗೆ ಕನ್ನಡ ಓದಲು ಬಾರದು. ನನಗೆ ಬೇರೆ ಅಕ್ಷರ ಬಾರದು. ಇದನ್ನು ನಿಮ್ಮ ಅಪ್ಪನೇ ಓದಿ ಹೇಳಬೇಕು. ಅವರಿಗೂ ಇದು ಗೊತ್ತಿಲ್ಲ — ಬರೆಯಲು ಇಷ್ಟು ದಿನ ಹಿಡಿದದ್ದು ಅದಕ್ಕೇ.

ಡೊಂಬಿವಲಿಯ ಚಾಳಿನಲ್ಲಿ ನಮಗಿದ್ದದ್ದು ಒಂದೇ ಕೋಣೆ. ನಿಮ್ಮ ಅಜ್ಜ ಪೌರೋಹಿತ್ಯ ಮಾಡುವವರು. ಊರಿನಲ್ಲಾದರೆ ಮುಟ್ಟಾದವರು ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದೆವು. ಇಲ್ಲಿ ಒಲೆ, ದೇವರು, ಹಾಸಿಗೆ ಎಲ್ಲ ಕೈಯಳತೆಯಲ್ಲೇ — ಎಲ್ಲಿ ಕೂರುವುದು? ವ್ರತವೋ ಶ್ರಾದ್ಧವೋ ಬಂದರೆ ಮುಟ್ಟು ಮುಂದೆ ಹೋಗುವ ಹಾರ್ಮೋನಿನ ಮಾತ್ರೆ ತರುತ್ತಿದ್ದೆ. ಔಷಧದಂಗಡಿಯವರು ನಮ್ಮ ಉಡುಪಿ ಕಡೆಯವರೇ.

“ಏನಮ್ಮ, ಈ ತಿಂಗಳೂ ದೇವರು ಬಂದ್ರಾ?” ಎಂದು ನಗುತ್ತಿದ್ದರು. ನಾನು ತಲೆ ಎತ್ತದೆ ಪೊಟ್ಟಣ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆ.

ನಾನೂ ನುಂಗುತ್ತಿದ್ದೆ, ಸುಮಾಳಿಗೂ ಕೊಡುತ್ತಿದ್ದೆ. ಮಗಳ ಹತ್ತಿರ ಅಂಥ ಮಾತು ಆಡಲು ನಾಚಿಕೆ. “ಮೈಯಲ್ಲಿ ರಕ್ತ ಆಗ್ಲಿಕ್ಕೆ ಮಾತ್ರೆ ಮಗಾ, ನುಂಗು” ಅಂದೆ. ಅವಳು ನಂಬಿದಳು. ಈ ಸಲ ತಡವಾಯಿತಲ್ಲ ಎಂದು ಅವಳು ಕೇಳಿದರೆ, “ಆಗ್ತದೆ ಬಿಡು” ಅನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ಅವಳ ಎದೆಯಲ್ಲಿ ಗಂಟು ಕಂಡಿತು. ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ನಿಮ್ಮ ಅಪ್ಪ ನನಗೆ ಕನ್ನಡದಲ್ಲಿ ತಿಳಿಸಿದರು. ಈ ಗಡ್ಡೆ ಹಾರ್ಮೋನಿನಿಂದ ಬೆಳೆಯುವಂಥದು. ಜೀವಕೋಶದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಒಂದು ಭಾಗವಿದೆ, ಅದನ್ನು ಮಾಡುವ ಜೀನು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಆ ವ್ಯತ್ಯಾಸದಿಂದ ಯಾರಿಗೆ ಎಷ್ಟು ಅಪಾಯ ಎಂದು ಖಚಿತವಾಗಿ ಹೇಳಲಾಗದು.

ಆಮೇಲೆ ಡಾಕ್ಟರು ಸುಮಾಳನ್ನು ಕೇಳಿದರು — ಚಿಕ್ಕ ವಯಸ್ಸಿನಲ್ಲಿ ಹಾರ್ಮೋನಿನ ಮಾತ್ರೆ ಏನಾದರೂ?

“ಇಲ್ಲ,” ಅಂದಳು. ನನ್ನ ಕಡೆ ತಿರುಗಿ ನಕ್ಕಳು. “ಅಮ್ಮ ಕೊಡ್ತಿದ್ದದ್ದು ರಕ್ತ ಆಗುವ ಮಾತ್ರೆ ಮಾತ್ರ. ಅಲ್ವಾಮ್ಮ?”

ನಾನು ಹೌದೆಂದು ತಲೆಯಾಡಿಸಿದೆ. ಅಳಿಯ ಎದುರಿಗಿದ್ದರು, ಡಾಕ್ಟರು ಗಂಡಸು... ಇಲ್ಲ, ಅದು ಕಾರಣವಲ್ಲ. ಎರಡನೆಯ ಸಲ ಹೋದಾಗ ಹೇಳಬಹುದಿತ್ತು. ಹತ್ತನೆಯ ಸಲವೂ ಹೇಳಬಹುದಿತ್ತು. ಕೂದಲುದುರಿದ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಾಗ, ನಾವಿಬ್ಬರೇ ಇದ್ದಾಗ—

ಆ ಮಾತ್ರೆಯಿಂದಲೇ ಹೀಗಾಯಿತೇ? ನನಗೆ ತಿಳಿಯದು. ಹೇಳಿದ್ದರೆ ಉಳಿಯುತ್ತಿದ್ದಳೇ? ಅದೂ ತಿಳಿಯದು. ಅದೇ ಮಾತ್ರೆ ನುಂಗಿದ ನಾನು ಎಪ್ಪತ್ತೊಂದು ದಾಟಿ ಗಟ್ಟಿಯಾಗಿದ್ದೇನೆ. ಅವಳ ಮೈಯಲ್ಲಿ ಏನು ಬೇರೆ ಇತ್ತೋ, ಹೆತ್ತ ನನಗೇ ಗೊತ್ತಾಗಲಿಲ್ಲ. ಗೊತ್ತಿರುವುದು ಒಂದೇ: ನನ್ನ ಸುಳ್ಳನ್ನು ನಿಜವೆಂದು ನಂಬಿಯೇ ಅವಳು ಹೋದಳು.

ಶನಿವಾರ ಅನಘಾಳಿಗೆ ಐರೋಲಿಯ ಆಸ್ಪತ್ರೆಯಲ್ಲಿ ಎದೆಯ ತಪಾಸಣೆ. “ಅಜ್ಜಿ, ತೂ ಪಣ್ ಚಲ್ ನಾ,” ನೀನೂ ಬಾ ಎಂದು ನಿನ್ನೆ ಫೋನಿನಲ್ಲಿ ಕರೆದಳು. ಬರುತ್ತೇನೆ. ಡಾಕ್ಟರು ಅವಳ ತಾಯಿಯ ವಿಷಯ ಕೇಳಿದರೆ ಹೇಳುತ್ತೇನೆ — ಕೇಳದಿದ್ದರೂ.

ಇದನ್ನು ಓದಿದ ಮೇಲೆ ನಾನು ಜೊತೆಗೆ ಬೇಡ ಅನ್ನಿಸಿದರೆ, ಅದೂ ಸರಿಯೇ. ಈ ಕಾಗದ ಒಯ್ಯಿರಿ. ಅಪ್ಪ ಅಲ್ಲಿಯೂ ಓದಿ ಹೇಳಲಿ: ಸುಮಾ ಕೊಟ್ಟ ಉತ್ತರ ತಪ್ಪು, ಅವಳ ತಾಯಿಗೆ ಅದು ಗೊತ್ತಿತ್ತು.