ಸಂಗಮ್ಮ ಬದುಕಿದ್ದಾಳೆ
ಕಂಪ್ಲಿಯ ಸಂಗಮ್ಮ ವರ್ಷಕ್ಕೊಮ್ಮೆ ತಾನಿನ್ನೂ ಬದುಕಿದ್ದೇನೆಂದು ಇಂಗ್ಲೆಂಡಿಗೆ ತಿಳಿಸಬೇಕು. ಗಂಡನ ಹಿಂದೆ ಅಲ್ಲಿಗೆ ಹೋದವಳು ಶಾಲೆಯೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದಿದ್ದಳು; ಅದರ ಪಿಂಚಣಿಯಿಂದಲೇ ಈಗ ಊರಲ್ಲಿ ಅವಳ ಖೋಲಿಯ ಬಾಡಿಗೆ. ಬದುಕಿದ್ದಾಳೆಂದು ವಕೀಲರ ಸೀಲು ಬಿದ್ದ ಕಾಗದ ಅಲ್ಲಿಗೆ ತಲುಪದಿದ್ದರೆ ಅದು ನಿಂತೇಹೋಗುತ್ತದೆ. ಹಾಗಾಗಿ ಆ ತಿಂಗಳು ಅವಳು ಯಾವ ಸಾವಿನ ಮನೆಗೂ ಕಾಲಿಡುವುದಿಲ್ಲ, ಕೆಮ್ಮು ಬಂದರೂ ಸೆರಗಿನಲ್ಲೇ ಅಡಗಿಸುತ್ತಾಳೆ. ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಹೊಸಪೇಟೆ ಬಸ್ಸು ಹತ್ತುತ್ತಾಳೆ. ನೋಟರಿ ವಕೀಲರು “ಯಜಮಾನ್ರು ಬಂದಿಲ್ಲೇನ್ರಿ?” ಎಂದರೆ, “ಅವ್ರು ಹೋಗಿ ಭಾಳ ದಿನ ಆತ್ರಿ. ಬದುಕಿದಾಕಿ ನಾನು, ನನ್ನ ಮಾರಿ ನೋಡಿ ಸೀಲು ಒತ್ರಿ” ಎನ್ನುತ್ತಾಳೆ. ಅಂದು ಸಂಜೆ ತಮ್ಮ ಕೊಟ್ರಯ್ಯ ತಪ್ಪದೆ ಬರುತ್ತಾನೆ. “ಅಕ್ಕಾ, ಒಬ್ಬಾಕಿ ಯಾಕ ಇರ್ತಿ? ನಮ್ಮ ಮನಿಗೇ ಬಂದುಬಿಡು.” “ಯಾಕಲೇ, ನಿನ್ನ ಹೆಂಡ್ತಿಗೆ ಮತ್ತ ಸೊಂಟ ಹಿಡೀತೇನು?” ಎಂದು ಸಂಗಮ್ಮ ನಗುತ್ತಾಳೆ. ತವರಿನಲ್ಲೂ ಅತ್ತೆಮನೆಯಲ್ಲೂ ಅವಳು ತೊಳೆದ ಪಾತ್ರೆಗಳು ಇಂಗ್ಲೆಂಡಿನವಕ್ಕಿಂತ ಹೆಚ್ಚೇ. ಆದರೆ ಅವಳು ಇದ್ದಾಳೋ ಇಲ್ಲವೋ ಎಂದು ವಿಚಾರಿಸಿದ್ದು ಆ ದೂರದ ದೇಶವೊಂದೇ. ತಮ್ಮನನ್ನು ಕಳಿಸಿ, ತನಗೊಬ್ಬಳಿಗೇ ಚಹಾ ಮಾಡಿಕೊಂಡು, ಆರುವ ಮೊದಲೇ ಕೂತು ಕುಡಿಯುತ್ತಾಳೆ.