ಶಾಹಿಸ್ತಾಳ ಹಳೇ ಸಿಡಿ ಅಂಗಡಿ

ಬೆಟಗೇರಿಯ ಶಾಹಿಸ್ತಾ ವಿಡಿಯೊ ಗೇಮಿನ ಹಳೇ ಸಿಡಿ ಕೊಂಡು ಮಾರುವ ಅಂಗಡಿ ತೆರೆದಾಗ ಅವಳ ಅಪ್ಪ ಮೌಲಾಸಾಬನಿಗೇ ನಂಬಿಕೆಯಿರಲಿಲ್ಲ. ಮಗ್ಗದ ಮನೆತನ, ಆಟ ಮಾರಿ ಬದುಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಆದರೆ ವರ್ಷ ತುಂಬುವುದರೊಳಗೆ ಮುಂಡರಗಿ, ಲಕ್ಷ್ಮೇಶ್ವರದಿಂದಲೂ ಕಾಲೇಜಿನವರು ಬಸ್ಸು ಹತ್ತಿ ಬರತೊಡಗಿದರು. ಆಡಿ ಮುಗಿಸಿದ ಸಿಡಿ ಕೊಟ್ಟು, ಮೇಲೊಂದಿಷ್ಟು ಹಣ ಸೇರಿಸಿ, ಬೇರೊಂದನ್ನು ಒಯ್ಯುತ್ತಿದ್ದರು. ಶಾಹಿಸ್ತಾ ಪ್ರತಿಯೊಂದನ್ನೂ ಅಂಗಡಿಯ ಗೇಮ್ ಯಂತ್ರದಲ್ಲಿ ಹಾಕಿ ತೋರಿಸಿಯೇ ಮಾರುತ್ತಿದ್ದಳು.

ಗದಗಿನ ಪೇಟೆಯಲ್ಲಿ ಹೊಸ ಸಿಡಿ ಮಾರುತ್ತಿದ್ದ ದೇವೇಂದ್ರಪ್ಪನಿಗೆ ಇದು ಸೇರಲಿಲ್ಲ. ಒಂದು ದಿನ ಅವಳ ಅಂಗಡಿಗೇ ಬಂದ.

“ಒಂದ ಸಿಡಿ ಹತ್ತ ಮಂದಿಗೆ ಮಾರತಿ. ಆಟ ತಯಾರು ಮಾಡಿದ ಕಂಪನಿಯವರಿಗೆ ಒಬ್ಬನ ರೊಕ್ಕ ಅಷ್ಟ ಮುಟ್ಟತೈತಿ. ಇದು ಕಳ್ಳತನ ಅಲ್ಲೇನು, ತಂಗಿ?”

“ಅಣ್ಣಾರ, ನಿಮ್ಮ ಹಳೇ ಸ್ಕೂಟರ್ ಮಾರಿದಾಗ ಕಂಪನಿಗೆ ಪಾಲು ಕೊಟ್ಟಿದ್ರೇನು? ನೀವು ಹೇಳೋ ರೇಟಿಗೆ ಈ ಕಾಲೇಜ್ ಹುಡುಗರಿಗೆ ಆಟಾನ ಸಿಗಂಗಿಲ್ಲ. ನನಗ ಮಾರಿದ ರೊಕ್ಕಾನ ತಂದು ನಿಮ್ಮ ಹತ್ರ ಹೊಸಾದು ತಗೋತಾರ.”

ದೇವೇಂದ್ರಪ್ಪ ಎದ್ದು ಹೊರಟ. ಮೆಟ್ಟಿಲಿಳಿಯುವಾಗ, “ಕಂಪನಿಯವರು ಸುಮ್ಮನ ಕುಂಡ್ರೂದಿಲ್ಲ, ನೋಡ್ತಿರು,” ಅಂದ.

ಆ ಮಳೆಗಾಲದಲ್ಲಿ ಶಿರಹಟ್ಟಿಯ ಮಲ್ಲು ಹಿಂದಿನ ದಿನವಷ್ಟೇ ಒಯ್ದಿದ್ದ ಸಿಡಿಯನ್ನು ವಾಪಸ್ಸು ತಂದ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

“ನೆಟ್ಟಿನಾಗ ಗೆಳೆಯರ ಕೂಡ ಆಡಾಕ ಡಬ್ಬಿಯೊಳಗಿನ ನಂಬರ್ ಕೇಳತೈತ್ರಿ, ಅಕ್ಕಾ. ಆ ನಂಬರ್ ಒಮ್ಮೆ ಅಷ್ಟ ನಡೀತೈತಿ, ಮೊದಲ ತಗೊಂಡಾವ ಹಾಕಿಬಿಟ್ಟಾನ. ನಾ ಮತ್ತ ರೊಕ್ಕ ಕಟ್ಟಬೇಕಂತ.”

ಅವಳು ಹಣ ಹಿಂತಿರುಗಿಸಿದಳು. ಮುಂದೆ ಅಂಥ ಸಿಡಿಗಳೇ ಹೆಚ್ಚಾದವು. ಯಾವುದು ಪೂರ್ತಿ ಆಡುತ್ತದೆ, ಯಾವುದು ಅರ್ಧಕ್ಕೇ ನಿಲ್ಲುತ್ತದೆ ಎಂದು ಹೇಳಲಾಗದೆ ಗಿರಾಕಿಯ ಮುಖ ನೋಡಿ ಮಾತಾಡುವುದೇ ಅವಳಿಗೆ ಕಷ್ಟವಾಯಿತು.

ಕೆಲವು ವರ್ಷಗಳ ಮೇಲೆ ಸಿಡಿ ಹಾಕುವ ಜಾಗವೇ ಇಲ್ಲದ ಯಂತ್ರ ಬಂತು. ಆಟವೆಲ್ಲ ನೆಟ್ಟಿನಿಂದಲೇ ಇಳಿಯುತ್ತಿತ್ತು. ವಿಚಿತ್ರವೆಂದರೆ, ಶಾಹಿಸ್ತಾಳ ಅಂಗಡಿಯಲ್ಲಿ ಹಿಂದೆಂದೂ ಇಲ್ಲದಷ್ಟು ಜನ. ಸಿಡಿ ಅಗ್ಗವಾಗಿ ಸಿಗುತ್ತಿದೆಯೆಂದು ಅವಳು ಹುರುಪಿನಿಂದಲೇ ಕೊಂಡಳು. ಕಪಾಟು ತುಂಬಿತು, ಆಮೇಲೆ ನೆಲದ ಮೇಲೂ ಪೆಟ್ಟಿಗೆ ಬಂದವು. ಒಂದು ಮಧ್ಯಾಹ್ನ ಒಳಗೆ ಕಾಲಿಡಲು ಜಾಗ ಹುಡುಕುವಾಗ ಅವಳಿಗೆ ಥಟ್ಟನೆ ಹೊಳೆಯಿತು: ಬಂದವರೆಲ್ಲ ಮಾರಲಿಕ್ಕೇ ಬಂದವರು. ಕೊಂಡವರಾರೂ ನೆನಪಾಗಲಿಲ್ಲ. ಅಂದಿನಿಂದ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ, ಬಂದವರ ಕೈಯಲ್ಲಿ ಚೀಲವಿದೆಯೇ ಎಂದು ಮೊದಲು ನೋಡುತ್ತಿದ್ದಳು.

ಮರುವಾರ ದೇವೇಂದ್ರಪ್ಪ ಆಟೋದಲ್ಲಿ ಬಂದಿಳಿದ. ಜೊತೆಗೆ ರಟ್ಟಿನ ಡಬ್ಬಿಗಳು.

“ಹೊಸಾವ ಅದಾವು, ಪ್ಲಾಸ್ಟಿಕ್ ಸೈತ ಬಿಚ್ಚಿಲ್ಲ. ಹಳೇ ಸಿಡಿ ರೇಟಿಗೇ ತಗೋ, ತಂಗಿ.”

“ಯಾಕ್ರಿ ಅಣ್ಣಾರ?”

“ಕಂಪನಿಯವರು ಈಗ ತಾವ ನೆಟ್ಟಿನಾಗ ಮಾರತಾರ. ನನಗ ಮಾಲು ಕಳಸೂದು ಬಿಟ್ಟಾರ.”

“ಆ ನೆಟ್ಟಿನ ಆಟ ಆಡಿ ಮುಗಿಸಿದ ಮ್ಯಾಲೆ ಮಾರಾಕ ಬರತೈತೇನ್ರಿ?”

“ಇಲ್ಲ. ಯಾರಿಗೂ ಕೊಡಾಕ ಬರೂದಿಲ್ಲ. ಅವರು ಹೇಳಿದ್ದ ರೇಟು. ನಾಳೆ ಅವರ ಬಂದ್ ಮಾಡಿದ್ರ ಕೇಳವ್ರೂ ಇಲ್ಲ.”

ಅವಳು ಒಂದು ಪೆಟ್ಟಿಗೆ ಸರಿಸಿ ಅವನಿಗೆ ಕುರ್ಚಿ ಹಾಕಿದಳು. ಚಹಾ ತರಿಸಿದಳು. ಡಬ್ಬಿಗಳನ್ನು ಮಾತ್ರ ಮುಟ್ಟಲಿಲ್ಲ. ಮುಂಡರಗಿಯ ಬಸ್ಸಿನಿಂದ ಇಳಿದ ಇಬ್ಬರು ಸಿಡಿ ತುಂಬಿದ ಚೀಲ ಹೊತ್ತು ಅಂಗಡಿಯತ್ತಲೇ ಬರುತ್ತಿದ್ದರು. ಶಾಹಿಸ್ತಾ ಎದ್ದು ಹೋಗಿ, ಹಾಡಹಗಲಲ್ಲೇ ಒಳಗಿನಿಂದ ಶಟರ್ ಎಳೆದಳು.